ಯಾವಾಗ ಕೆಲಸ ಅಂತ ಮೊದಲೇ ಹೇಳಿ: ಬರ್ಗರ್ ಅಂಗಡಿ ಕೆಲಸಗಾರರು ಗೆದ್ದ 14 ದಿನ

ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಪಂಪ್‌ಸೆಟ್ ಇರುವ ರೈತ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವಾಗ? ರಾತ್ರಿ ಹನ್ನೆರಡಕ್ಕೆ ಬಂದು ಎರಡಕ್ಕೆ ಹೋಗಿ ಮತ್ತೆ ಬೆಳಗಿನ ಜಾವ ಬರುವ ಕರೆಂಟಿಗೆ ಕಾದು ಕೂತರೆ ನಿದ್ದೆ ಹೋಯಿತು, ಮರುದಿನದ ಕೆಲಸವೂ ಹೋಯಿತು. ಕಾಗದದಲ್ಲಿ ಏಳು ಗಂಟೆ ಸರಿಯಾಗಿಯೇ ಇರುತ್ತದೆ. ತಪ್ಪುವುದು ಬದುಕಿನ ಲೆಕ್ಕ.

ಇದೇ ಪ್ರಶ್ನೆಯನ್ನು ಅಮೆರಿಕದ ಬರ್ಗರ್, ಕಾಫಿ, ಪಿಜ್ಜಾ ಅಂಗಡಿಗಳ ಕೆಲಸಗಾರರು ತಮ್ಮ ಮಾಲೀಕರನ್ನು ಕೇಳಿದರು. ಗಂಟೆಗೆ ಎಷ್ಟು ಕೊಡುತ್ತೀರಿ ಎನ್ನುವುದರ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆ ಕೆಲಸ ಎಂದು ಮೊದಲೇ ಹೇಳಿ ಎಂದರು. ಹೇಳಿದ ಮೇಲೆ ಬದಲಾಯಿಸಿದರೆ ಅದಕ್ಕೆ ದುಡ್ಡು ಕಟ್ಟಿ ಎಂದರು. ಕೆಲವು ಊರುಗಳಲ್ಲಿ ಇದನ್ನು ಕಾನೂನು ಮಾಡಿಸಿಯೂ ಬಿಟ್ಟರು.

ಅಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬಹುದು. ನಮ್ಮ ಕಡೆ ಹೋಟೆಲ್ ಕೆಲಸಕ್ಕೆಂದು ಬೆಂಗಳೂರು, ಮಂಗಳೂರು, ಪುಣೆ ಬಸ್ಸು ಹತ್ತಿದ ಹುಡುಗರಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಈಗ ಬೈಕಿನ ಮೇಲೆ ಊಟ ತಲುಪಿಸುವ ಹುಡುಗರೂ ಅದೇ ಊರುಗಳವರು. ಸಂಬಳ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಕೆಲಸ ಯಾವಾಗ ಎಂಬುದಕ್ಕೂ ಒಂದು ಬೆಲೆಯಿದೆ ಎನ್ನುವುದು ನಮ್ಮ ಮಾತಿನಲ್ಲಿ ಇನ್ನೂ ಅಷ್ಟಾಗಿ ಬಂದಿಲ್ಲ. ಅದಕ್ಕಾಗಿ ಈ ಚರಿತ್ರೆ.

ಹಳೆಯ ಜಗಳ: ಕೆಲಸ ಜಾಸ್ತಿ ಆಯಿತು

ಕೆಲಸದ ಗಂಟೆಯ ಹೋರಾಟ ಎಂದ ಕೂಡಲೇ ನೆನಪಾಗುವುದು ಮೇ ದಿನ. 1886ರಲ್ಲಿ ಶಿಕಾಗೋದಲ್ಲಿ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಬೀದಿಗಿಳಿದರು. ಅಲ್ಲಿಂದ ಮುಂದೆ ಐವತ್ತು ವರ್ಷ ಜಗಳ ನಡೆದದ್ದು ಬಹುಪಾಲು ಒಂದೇ ವಿಷಯಕ್ಕೆ: ಕೆಲಸದ ಗಂಟೆ ಜಾಸ್ತಿ, ಕಡಿಮೆ ಮಾಡಿ.

ಊಟ ಬಡಿಸುವವರೂ ಆ ಜಗಳದಲ್ಲಿ ಇದ್ದರು. 1937ರ ಫೆಬ್ರವರಿಯಲ್ಲಿ ಡೆಟ್ರಾಯಿಟ್ ನಗರದ ವುಲ್‌ವರ್ತ್ ಅಂಗಡಿಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಅಂಗಡಿಯೊಳಗೇ ಕೂತುಬಿಟ್ಟರು. ಸಾಮಾನು ಮಾರುವವರ ಜೊತೆ ಅಲ್ಲಿಯ ಊಟದ ಕೌಂಟರಿನವರೂ ಸೇರಿದ್ದರು. ಕೂಲಿ ಏರಿಸಿ, ದಿನಕ್ಕೆ ಎಂಟು ಗಂಟೆ ಮಾಡಿ, ಅದರ ಮೇಲೆ ದುಡಿಸಿದರೆ ಹೆಚ್ಚು ಕೊಡಿ ಎಂಬುದು ಬೇಡಿಕೆ. ಸುಮಾರು ಒಂದು ವಾರ ಕೂತು ಕೂಲಿ ಏರಿಸಿಕೊಂಡೇ ಹೊರಗೆ ಬಂದರು.

ಮರು ವರ್ಷ, 1938ರಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ. ವಾರಕ್ಕೆ ಗೊತ್ತು ಮಾಡಿದ ಗಂಟೆ ಮೀರಿದರೆ ಒಂದೂವರೆ ಪಟ್ಟು. ಈ ಮಿತಿ ಎರಡು ವರ್ಷದಲ್ಲಿ 40 ಗಂಟೆಗೆ ಇಳಿಯಿತು. ಆದರೆ ಹೋಟೆಲ್ ಮತ್ತು ರೆಸ್ಟೋರೆಂಟ್ ಕೆಲಸಗಾರರನ್ನು ಆ ಕಾನೂನಿನಿಂದ ಹೊರಗಿಟ್ಟರು. ಅವರಿಗೂ ಅದು ಸಿಗಬೇಕಾದರೆ 1966ರವರೆಗೆ ಕಾಯಬೇಕಾಯಿತು. ಸಿಕ್ಕಾಗಲೂ ಒಂದು ಕೊಕ್ಕೆ ಇತ್ತು: ಗಿರಾಕಿ ಕೊಡುವ ಟಿಪ್ಸನ್ನು ಮಾಲೀಕ ಕೂಲಿಯ ಒಂದು ಭಾಗವೆಂದು ಲೆಕ್ಕ ಹಿಡಿಯಬಹುದಿತ್ತು.

ಇಲ್ಲಿ ಒಂದು ಅಂಶ ಗಮನಿಸಿ. ಈ ಕಾನೂನುಗಳೆಲ್ಲ ಕೆಲಸ ವಿಪರೀತ ಆಗದಂತೆ ಮೇಲಿನಿಂದ ಒಂದು ಗೆರೆ ಎಳೆದವು. ಕೆಳಗಿನಿಂದ ಗೆರೆ ಎಳೆಯಲಿಲ್ಲ. ಇಷ್ಟಾದರೂ ಗಂಟೆ ಕೆಲಸ ಕೊಡಲೇಬೇಕು, ಇಷ್ಟು ದಿನ ಮೊದಲು ಹೇಳಲೇಬೇಕು ಎಂದು ಯಾರೂ ಬರೆಯಲಿಲ್ಲ. ಆ ಕಾಲಕ್ಕೆ ಅದರ ಅಗತ್ಯ ಯಾರಿಗೂ ಕಾಣಲಿಲ್ಲ.

ಅಡುಗೆಮನೆ ಕಾರ್ಖಾನೆಯಾದ ಬಗೆ

1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಲ್ಲಿ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ತಮ್ಮ ಹೋಟೆಲನ್ನು ಮುಚ್ಚಿ ಹೊಸ ರೀತಿಯಲ್ಲಿ ತೆರೆದರು. ತಿಂಡಿ ಪಟ್ಟಿಯನ್ನು ಕಡಿಮೆ ಮಾಡಿದರು. ಕಾರಿನ ಹತ್ತಿರ ಹೋಗಿ ಬಡಿಸುವವರನ್ನು ತೆಗೆದುಹಾಕಿದರು. ಒಬ್ಬ ಬರ್ಗರಿನ ಮಾಂಸ ಸುಡುವುದು, ಒಬ್ಬ ಆಲೂಗಡ್ಡೆ ಕರಿಯುವುದು, ಒಬ್ಬ ಪೊಟ್ಟಣ ಕಟ್ಟುವುದು ಎಂದು ಕೆಲಸವನ್ನು ತುಂಡು ತುಂಡು ಮಾಡಿ ಹಂಚಿದರು. 15 ಸೆಂಟಿಗೆ ಒಂದು ಹ್ಯಾಂಬರ್ಗರ್ ಮಾರಿದರು. 1955ರಲ್ಲಿ ರೇ ಕ್ರಾಕ್ ಎಂಬ ವ್ಯಾಪಾರಿ ಇದೇ ಮಾದರಿಯ ಅಂಗಡಿಯನ್ನು ಇಲಿನಾಯ್ ರಾಜ್ಯದಲ್ಲಿ ತೆರೆದು ಮುಂದೆ ದೇಶವೆಲ್ಲ ಹಬ್ಬಿಸಿದ.

ಹೀಗಾಗಿ ಎರಡು ಬದಲಾವಣೆ ಆದವು. ಒಂದು, ಅಡುಗೆ ಭಟ್ಟರ ಕೈಗುಣಕ್ಕೆ ಬೆಲೆ ಹೋಯಿತು. ಎರಡು ದಿನ ಕಲಿಸಿದರೆ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು. ಬಿಟ್ಟು ಹೋದವನ ಜಾಗಕ್ಕೆ ಇನ್ನೊಬ್ಬ ಬೇಗ ಸಿಗುತ್ತಿದ್ದ.

ಎರಡು, ಮಾಲೀಕ ಯಾರು ಎಂಬುದೇ ಮಸುಕಾಯಿತು. ಬೋರ್ಡಿನ ಮೇಲೆ ದೊಡ್ಡ ಕಂಪನಿಯ ಹೆಸರು, ಅಂಗಡಿ ನಡೆಸುವವರು ಫ್ರಾಂಚೈಸಿ ಪಡೆದ ಬೇರೆಯವರು. ಸಂಬಳ ಏರಿಸಿ ಎಂದರೆ ಅಂಗಡಿಯವನು ಕಂಪನಿ ಕಡೆ ಕೈ ತೋರಿಸುತ್ತಾನೆ. ಕಂಪನಿ, ಅವರು ನಮ್ಮ ನೌಕರರಲ್ಲ ಎನ್ನುತ್ತದೆ. ನಮ್ಮಲ್ಲಿ ಗುತ್ತಿಗೆ ಕೆಲಸ ಮಾಡಿದವರಿಗೆ ಈ ಆಟ ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಬರೆದ ಡ್ಯೂಟಿ ಪಟ್ಟಿ

ಹಿಂದೆ ವಾರದ ಡ್ಯೂಟಿ ಪಟ್ಟಿಯನ್ನು ಮ್ಯಾನೇಜರ್ ಕೈಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದ. 2000ದ ನಂತರ ಆ ಕೆಲಸವನ್ನು ದೊಡ್ಡ ದೊಡ್ಡ ಕಂಪನಿಗಳಲ್ಲಿ ಸಾಫ್ಟ್‌ವೇರ್ ಮಾಡತೊಡಗಿತು. ಹೋದ ವರ್ಷ ಇದೇ ವಾರ ಎಷ್ಟು ವ್ಯಾಪಾರ, ಇವತ್ತು ಮಳೆಯೋ ಬಿಸಿಲೋ, ಯಾವ ಗಂಟೆಗೆ ಎಷ್ಟು ಗಿರಾಕಿ ಎಂದು ಲೆಕ್ಕ ಹಾಕಿ, ಆ ಗಂಟೆಗೆ ಬೇಕಾದಷ್ಟೇ ಜನರನ್ನು ಕರೆಯುವುದು. ಅಂಗಡಿಗೆ ಒಂದು ನಿಮಿಷದ ಕೂಲಿಯೂ ದಂಡವಾಗಬಾರದು ಎಂಬುದು ಲೆಕ್ಕ.

ಆ ನಷ್ಟ ಎಲ್ಲಿಗೂ ಹೋಗಲಿಲ್ಲ, ಕೆಲಸಗಾರರ ಮನೆಗೆ ವರ್ಗವಾಯಿತು. ಹೇಗೆಂದರೆ:

ಈ ವಾರ 35 ಗಂಟೆ ಕೆಲಸ, ಮುಂದಿನ ವಾರ 15 ಗಂಟೆ. ಮನೆ ಬಾಡಿಗೆ ಮಾತ್ರ ಅಷ್ಟೇ.

ಪಟ್ಟಿ ಕೈಗೆ ಸಿಗುವುದು ವಾರ ಶುರುವಾಗಲು ಎರಡು ಮೂರು ದಿನ ಇರುವಾಗ. ಅದೂ ಮಧ್ಯದಲ್ಲಿ ಬದಲು.

ಬಸ್ಸು ಹಿಡಿದು ಅಂಗಡಿಗೆ ಬಂದ ಮೇಲೆ, ಇವತ್ತು ವ್ಯಾಪಾರ ಇಲ್ಲ, ವಾಪಸ್ ಹೋಗು ಎನ್ನುವುದು.

ಕೆಲಸ ಇದೆಯೋ ಇಲ್ಲವೋ ಹೇಳದೆ, ಫೋನ್ ಹತ್ತಿರ ಇಟ್ಟುಕೊಂಡಿರು, ಕರೆದರೆ ಬಾ ಎನ್ನುವುದು. ಕರೆಯದಿದ್ದರೆ ಆ ದಿನದ ಕೂಲಿ ಸೊನ್ನೆ. ಬೇರೆ ಕಡೆ ಹೋಗುವಂತೆಯೂ ಇಲ್ಲ.

ರಾತ್ರಿ ಅಂಗಡಿ ಬಾಗಿಲು ಹಾಕಿದವರೇ ಬೆಳಗಿನ ಜಾವ ಬಂದು ಬಾಗಿಲು ತೆರೆಯುವುದು. ಕ್ಲೋಸ್, ಓಪನ್ ಎರಡೂ ಸೇರಿಸಿ ಕೆಲಸಗಾರರು ಇದಕ್ಕೆ ‘ಕ್ಲೋಪನಿಂಗ್’ ಎಂದು ಹೆಸರಿಟ್ಟರು. ನಡುವೆ ಸಿಗುವ ನಿದ್ದೆ ನಾಲ್ಕು ಐದು ಗಂಟೆ.

ಚಿಕ್ಕ ಮಗುವಿರುವ ತಾಯಿ ಮಗುವನ್ನು ಯಾರ ಹತ್ತಿರ ಬಿಡಬೇಕು? ಕಾಲೇಜಿಗೆ ಹೋಗುವ ಹುಡುಗಿ ಯಾವ ಕ್ಲಾಸಿಗೆ ಹೆಸರು ಬರೆಸಬೇಕು? ಒಂದು ಅಂಗಡಿಯ ಸಂಬಳ ಸಾಲದವನು ಎರಡನೇ ಕೆಲಸ ಯಾವ ಹೊತ್ತಿಗೆ ಹಿಡಿಯಬೇಕು? 2014ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ದುಡಿಯುವ ಒಬ್ಬ ಯುವ ತಾಯಿಯ ದಿನಚರಿಯನ್ನು ವಿವರವಾಗಿ ಬರೆಯಿತು. ಸಾಫ್ಟ್‌ವೇರ್ ಹಾಕುವ ಪಾಳಿಯ ಹಿಂದೆ ಒಂದು ಮನೆ ಹೇಗೆ ಅಲ್ಲಾಡುತ್ತದೆ ಎಂದು ಓದುಗರಿಗೆ ಆಗ ಗೊತ್ತಾಯಿತು. ಪಾಳಿ ಹಾಕುವ ರೀತಿಯನ್ನು ಸರಿಪಡಿಸುತ್ತೇವೆ ಎಂದು ಕಂಪನಿ ಕೂಡಲೇ ಹೇಳಿತು. ಒಂದು ಕಂಪನಿಯ ಮಾತಿನಿಂದ ಉಳಿದ ಅಂಗಡಿಗಳು ಬದಲಾಗುವುದಿಲ್ಲ ಎಂಬುದೂ ಬೇಗನೆ ಅರ್ಥವಾಯಿತು.

ಇನ್ನೂರು ಜನರ ಮುಷ್ಕರ

ಅಷ್ಟು ಹೊತ್ತಿಗೆ ಬೀದಿಯಲ್ಲಿ ಇನ್ನೊಂದು ಚಳವಳಿ ಎದ್ದಿತ್ತು. 2012ರ ನವೆಂಬರ್ 29ರಂದು ನ್ಯೂಯಾರ್ಕ್ ನಗರದಲ್ಲಿ ಮೆಕ್‌ಡೊನಾಲ್ಡ್ಸ್, ಬರ್ಗರ್ ಕಿಂಗ್, ವೆಂಡೀಸ್, ಕೆಎಫ್‌ಸಿ ಮುಂತಾದ ಅಂಗಡಿಗಳ ಸುಮಾರು 200 ಕೆಲಸಗಾರರು ಒಂದು ದಿನ ಕೆಲಸಕ್ಕೆ ಹೋಗಲಿಲ್ಲ. ಬೇಡಿಕೆ ಎರಡು: ಗಂಟೆಗೆ 15 ಡಾಲರ್, ಸಂಘ ಕಟ್ಟುವ ಹಕ್ಕು. ಆಗ ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಎರಡರಷ್ಟಕ್ಕಿಂತ ಹೆಚ್ಚು ಕೇಳುತ್ತಾರೆ, ಇವರಿಗೆ ತಲೆ ಕೆಟ್ಟಿದೆ ಎಂದು ನಕ್ಕವರಿದ್ದರು.

ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿ ಹುಬ್ಬೇರಿಸಬೇಡಿ. ಅಲ್ಲಿ ಬಾಡಿಗೆ, ಬಸ್ಸು, ಹಾಲು, ಔಷಧಿ ಎಲ್ಲಕ್ಕೂ ಕೊಡಬೇಕಾದದ್ದು ಡಾಲರೇ.

ಎಸ್‌ಇಐಯು ಎಂಬ ದೊಡ್ಡ ಕಾರ್ಮಿಕ ಸಂಘ ಇವರ ಬೆನ್ನಿಗೆ ನಿಂತು ಹಣ, ಜನ ಕೊಟ್ಟಿತು. ಮರುವರ್ಷ ಆಗಸ್ಟಿನಲ್ಲಿ ಸುಮಾರು 60 ಊರುಗಳಲ್ಲಿ, ಡಿಸೆಂಬರಿನಲ್ಲಿ 100ಕ್ಕೂ ಹೆಚ್ಚು ಊರುಗಳಲ್ಲಿ ಮುಷ್ಕರ ನಡೆಯಿತು. 2013ರ ನವೆಂಬರಿನಲ್ಲಿ ಸಿಯಾಟಲ್ ವಿಮಾನ ನಿಲ್ದಾಣದ ಪಕ್ಕದ ಸೀಟ್ಯಾಕ್ ಎಂಬ ಪುಟ್ಟ ಊರಿನ ಮತದಾರರು ಅಲ್ಲಿನ ಹೋಟೆಲ್, ಸಾರಿಗೆ ಕೆಲಸಗಾರರಿಗೆ 15 ಡಾಲರ್ ಎಂದು ವೋಟು ಹಾಕಿದರು. 2014ರ ಜೂನ್‌ನಲ್ಲಿ ಸಿಯಾಟಲ್ ನಗರವೇ ಹಂತಹಂತವಾಗಿ 15 ಡಾಲರ್ ಕೊಡಲು ಒಪ್ಪಿತು.

ನ್ಯೂಯಾರ್ಕ್‌ನಲ್ಲಿ ಶಾಸನಸಭೆ ಒಪ್ಪುವ ಲಕ್ಷಣ ಇರಲಿಲ್ಲ. ಆದರೆ ಯಾವುದಾದರೂ ಉದ್ಯಮದಲ್ಲಿ ಕೂಲಿ ತೀರಾ ಕಡಿಮೆ ಎನಿಸಿದರೆ ವೇತನ ಮಂಡಳಿ ಕೂರಿಸಬಹುದು ಎಂದು ಆ ರಾಜ್ಯದ ಹಳೆಯ ಕಾನೂನಿನಲ್ಲಿತ್ತು. ಗವರ್ನರ್ ಆಂಡ್ರ್ಯೂ ಕುವೊಮೊ 2015ರಲ್ಲಿ ಅದನ್ನು ಬಳಸಿದರು. ಮಂಡಳಿ ಕೆಲಸಗಾರರ ಅಹವಾಲು ಕೇಳಿ, ಅದೇ ಜುಲೈಯಲ್ಲಿ ಶಿಫಾರಸು ಮಾಡಿತು: ದೇಶದಲ್ಲಿ 30 ಅಥವಾ ಹೆಚ್ಚು ಅಂಗಡಿ ಇರುವ ಫಾಸ್ಟ್‌ಫುಡ್ ಕಂಪನಿಗಳು ನ್ಯೂಯಾರ್ಕ್ ನಗರದಲ್ಲಿ 2018ರ ಕೊನೆಗೆ, ಉಳಿದ ರಾಜ್ಯದಲ್ಲಿ 2021ರ ಜುಲೈಗೆ ಗಂಟೆಗೆ 15 ಡಾಲರ್ ಮುಟ್ಟಬೇಕು. ಹಾಗೆಯೇ ಆಯಿತು. ಇನ್ನೂರು ಜನರ ಬೇಡಿಕೆ ಆರು ವರ್ಷದಲ್ಲಿ ನಗರದ ಕಾನೂನುಬದ್ಧ ಕೂಲಿಯಾಗಿತ್ತು.

ಗಂಟೆ ಕಳೆದರೆ ಕೂಲಿ ಎಲ್ಲಿ?

ಇಲ್ಲೇ ಒಂದು ಚಿಕ್ಕ ಲೆಕ್ಕ ಮಾಡೋಣ. ಗಂಟೆಗೆ 7.25 ಡಾಲರಿನಂತೆ ವಾರಕ್ಕೆ 40 ಗಂಟೆ ದುಡಿದವನಿಗೆ 290 ಡಾಲರ್. ಗಂಟೆಗೆ 15 ಡಾಲರ್ ಆಯಿತು, ಆದರೆ ವಾರಕ್ಕೆ 18 ಗಂಟೆ ಮಾತ್ರ ಕರೆದರು ಎಂದುಕೊಳ್ಳಿ. ಕೈಗೆ ಬರುವುದು 270 ಡಾಲರ್. ಕೂಲಿ ದರ ಎರಡು ಪಟ್ಟು ಮೀರಿದರೂ ವಾರದ ಸಂಬಳ ಇಳಿದಿದೆ.

ಗಂಟೆಯ ಖಾತ್ರಿ ಇಲ್ಲದಿದ್ದರೆ ಗೆದ್ದ ಕೂಲಿ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಹೋರಾಟಗಾರರಿಗೆ ಅರ್ಥವಾಗಿದ್ದು ಹೀಗೆ. ಇನ್ನೊಂದು ಅಪಾಯವೂ ಇತ್ತು. ಯಾರು ಎದುರು ಮಾತಾಡುತ್ತಾರೋ, ಯಾರು ಸಂಘದ ಸಭೆಗೆ ಹೋಗುತ್ತಾರೋ ಅವರನ್ನು ಕೆಲಸದಿಂದ ತೆಗೆಯುವ ತಂಟೆಯೇ ಬೇಡ. ಮುಂದಿನ ವಾರದ ಪಟ್ಟಿಯಲ್ಲಿ ಅವರಿಗೆ ನಾಲ್ಕು ಗಂಟೆ ಹಾಕಿದರೆ ಸಾಕು, ತಾವಾಗಿಯೇ ಬಿಟ್ಟು ಹೋಗುತ್ತಾರೆ. ಡ್ಯೂಟಿ ಪಟ್ಟಿ ಸದ್ದಿಲ್ಲದ ಚಾಟಿಯಾಗಿತ್ತು.

ನಗರದಿಂದ ನಗರಕ್ಕೆ

ಮೊದಲ ಹೆಜ್ಜೆ ಇಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋ. 2014ರ ನವೆಂಬರಿನಲ್ಲಿ ಅಲ್ಲಿಯ ನಗರಾಡಳಿತ, ದೊಡ್ಡ ಕಂಪನಿಗಳ ಸಾಲು ಅಂಗಡಿಗಳು ಎರಡು ವಾರ ಮೊದಲೇ ಪಾಳಿ ಪಟ್ಟಿ ಕೊಡಬೇಕು ಎಂದು ಕಾನೂನು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಸಿಯಾಟಲ್ ನಗರ ಪರಿಷತ್ತು ಒಮ್ಮತದಿಂದ ಇಂಥದೇ ಕಾನೂನು ಒಪ್ಪಿತು. 2017ರಲ್ಲಿ ಒರೆಗಾನ್ ಇಡೀ ರಾಜ್ಯಕ್ಕೇ ಇದನ್ನು ತಂದ ಮೊದಲ ರಾಜ್ಯವಾಯಿತು. ಅಲ್ಲಿ ಮೊದಲು 7 ದಿನದ ನೋಟಿಸು, 2020ರಿಂದ 14 ದಿನ. ಆಮೇಲೆ ಫಿಲಡೆಲ್ಫಿಯಾ, ಶಿಕಾಗೋ ನಗರಗಳೂ ಸೇರಿದವು.

ನಮಗೆ ಹೆಚ್ಚು ಕಲಿಸುವುದು ನ್ಯೂಯಾರ್ಕ್ ನಗರದ ಕಾನೂನು. 2017ರ ಮೇ ತಿಂಗಳಲ್ಲಿ ಮೇಯರ್ ಬಿಲ್ ಡೆ ಬ್ಲಾಸಿಯೊ ಸಹಿ ಹಾಕಿದರು. ನವೆಂಬರ್ 26ರಿಂದ ಜಾರಿಗೆ ಬಂತು. ಫಾಸ್ಟ್‌ಫುಡ್ ಕೆಲಸಗಾರರಿಗೆ ಅದು ಹೇಳಿದ್ದು ಇಷ್ಟು:

1. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ವಾರಕ್ಕೆ ಅಂದಾಜು ಎಷ್ಟು ಗಂಟೆ ಎಂದು ಬರೆದು ಕೊಡಬೇಕು.

2. ಪಾಳಿ ಪಟ್ಟಿಯನ್ನು 14 ದಿನ ಮೊದಲೇ ಕೊಡಬೇಕು.

3. ಕೊಟ್ಟ ಪಾಳಿ ಕಿತ್ತುಕೊಂಡರೆ ಕೆಲಸಗಾರರಿಗೆ ಹಣ ಕೊಡಬೇಕು. 14 ದಿನದೊಳಗೆ ಬದಲಾಯಿಸಿದರೆ 20 ಡಾಲರ್, 7 ದಿನದೊಳಗಾದರೆ 45, ಇನ್ನು 24 ಗಂಟೆಯೂ ಇಲ್ಲದಾಗ ಬೇಡ ಎಂದರೆ 75 ಡಾಲರ್. ಪಾಳಿ ಹೆಚ್ಚು ಮಾಡಿದರೂ 10 ಅಥವಾ 15 ಡಾಲರ್. ಹೆಚ್ಚುವರಿ ಪಾಳಿ ಬೇಡ ಎನ್ನುವ ಹಕ್ಕು ಕೆಲಸಗಾರರಿಗಿದೆ.

4. ರಾತ್ರಿ ಬಾಗಿಲು ಹಾಕಿದವರನ್ನು 11 ಗಂಟೆ ಬಿಡುವು ಕೊಡದೆ ಬೆಳಿಗ್ಗೆ ಕರೆಯುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಜೊತೆಗೆ 100 ಡಾಲರ್ ಹೆಚ್ಚಿಗೆ.

5. ಹೊಸಬರನ್ನು ಸೇರಿಸಿಕೊಳ್ಳುವ ಮೊದಲು ಆ ಗಂಟೆಗಳನ್ನು ಇರುವ ಕೆಲಸಗಾರರಿಗೆ ಕೇಳಬೇಕು.

ಪ್ರವಾಹ, ಬಿರುಗಾಳಿ ಬಂದರೆ, ರೈಲು ಬಸ್ಸು ನಿಂತರೆ ಈ ಹಣ ಕೊಡಬೇಕಾಗಿಲ್ಲ. ಇಬ್ಬರು ಕೆಲಸಗಾರರು ತಮ್ಮ ತಮ್ಮಲ್ಲೇ ಪಾಳಿ ಬದಲಾಯಿಸಿಕೊಂಡರೂ ಕೊಡಬೇಕಾಗಿಲ್ಲ.

ಈ ಕಾನೂನಿನ ಜಾಣತನ ಎಲ್ಲಿದೆ ನೋಡಿ. ಪಾಳಿ ಬದಲಾಯಿಸಲೇಬೇಡಿ ಎಂದು ಅದು ಹೇಳಲಿಲ್ಲ. ಬದಲಾಯಿಸಿ, ಆದರೆ ಅದರ ಖರ್ಚನ್ನು ಕೆಲಸಗಾರರ ಮನೆಗೆ ಕಳಿಸಬೇಡಿ, ನೀವೇ ಭರಿಸಿ ಎಂದಿತು. ನಮ್ಮ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೂ ಇಂಥದೊಂದು ತತ್ವ ಇತ್ತು. ನಮೂನೆ 6ರಲ್ಲಿ ಅರ್ಜಿ ಹಾಕಿ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಕಾಯಿಸಿದವರು ಕಾಯಿಸಿದ್ದಕ್ಕೆ ಬೆಲೆ ಕಟ್ಟಬೇಕು ಎಂಬುದೇ ಎರಡರ ಸಾರ. ಆ ಭತ್ಯೆ ಕೈಗೆ ಸಿಗುವುದು ಎಷ್ಟು ಕಷ್ಟವಾಗಿತ್ತು ಎಂಬುದು ಪಂಚಾಯಿತಿ ಮೆಟ್ಟಿಲು ಹತ್ತಿದವರಿಗೆ ಗೊತ್ತು. ಅಲ್ಲಿಗೆ ಮುಂದಿನ ಪ್ರಶ್ನೆ ಬಂತು.

ಕಾಗದದಿಂದ ಕೈಗೆ

ಕಾನೂನು ಬಂದ ಮಾತ್ರಕ್ಕೆ ಎಲ್ಲರೂ ಪಾಲಿಸಲಿಲ್ಲ. ಚಿಪೋಟ್ಲೆ ಎಂಬ ದೊಡ್ಡ ಕಂಪನಿಯ ಅಂಗಡಿಗಳಲ್ಲಿ ಪಟ್ಟಿ ಮೊದಲೇ ಕೊಡುತ್ತಿಲ್ಲ, ಬದಲಾಯಿಸಿದ್ದಕ್ಕೆ ಹಣ ಕೊಡುತ್ತಿಲ್ಲ ಎಂದು ಕೆಲಸಗಾರರು, ಸಂಘದವರು ನಗರದ ಕಾರ್ಮಿಕ ರಕ್ಷಣೆ ಇಲಾಖೆಗೆ ದೂರು ಕೊಟ್ಟರು. ಇಲಾಖೆ ಮೊದಲು 2019ರಲ್ಲಿ ಕೆಲವೇ ಅಂಗಡಿಗಳ ಮೇಲೆ ಪ್ರಕರಣ ಹಾಕಿತು. ತನಿಖೆ ಮುಂದುವರಿದು 2021ರಲ್ಲಿ ನಗರದಲ್ಲಿರುವ ಆ ಕಂಪನಿಯ ಅಂಗಡಿಗಳಿಗೆಲ್ಲ ವಿಸ್ತರಿಸಿತು.

2022ರ ಆಗಸ್ಟಿನಲ್ಲಿ ರಾಜಿಯಾಯಿತು. ಸುಮಾರು 13,000 ಕೆಲಸಗಾರರಿಗೆ ಒಟ್ಟು 2 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ದಂಡ ಬೇರೆ 10 ಲಕ್ಷ ಡಾಲರ್. ಕಾನೂನು ಜಾರಿಯಾದ ದಿನದಿಂದ 2022ರ ಏಪ್ರಿಲ್‌ವರೆಗೆ ಕೆಲಸ ಮಾಡಿದ ಒಂದೊಂದು ವಾರಕ್ಕೆ 50 ಡಾಲರಿನಂತೆ ಲೆಕ್ಕ. ಕೆಲಸ ಬಿಟ್ಟು ಹೋದವರಿಗೂ ಇದರಲ್ಲಿ ಪಾಲು ಇತ್ತು.

ಈ ನಡುವೆ ಇನ್ನೊಂದು ಗೇಣು ಮುಂದೆ ಹೋಗಿದ್ದರು. 2021ರ ಜುಲೈಯಿಂದ ನ್ಯೂಯಾರ್ಕ್ ನಗರದಲ್ಲಿ ಫಾಸ್ಟ್‌ಫುಡ್ ಕೆಲಸಗಾರರನ್ನು ಸರಿಯಾದ ಕಾರಣ ತೋರಿಸದೆ ತೆಗೆಯುವಂತಿಲ್ಲ, ಗಂಟೆಗಳನ್ನು ಬೇಕಾಬಿಟ್ಟಿ ಕತ್ತರಿಸುವಂತಿಲ್ಲ. ಡ್ಯೂಟಿ ಪಟ್ಟಿಯ ಚಾಟಿಗೆ ಅಲ್ಲಿ ಸ್ವಲ್ಪ ಕಡಿವಾಣ ಬಿತ್ತು.

ಮಾಲೀಕರ ಮಾತೂ ಕೇಳಬೇಕು

ಹೋಟೆಲ್ ನಡೆಸುವುದು ಸುಲಭದ ಕೆಲಸವಲ್ಲ. ಮಳೆ ಬಂದರೆ ಗಿರಾಕಿ ಇಲ್ಲ, ಮದುವೆ ದಿಬ್ಬಣ ಇಳಿದರೆ ಕೈ ಸಾಲದು. ಎರಡು ವಾರ ಮುಂಚೆ ಎಲ್ಲ ಹೇಳಲು ನಾವೇನು ಜ್ಯೋತಿಷಿಗಳೇ ಎಂದು ಅಲ್ಲಿಯ ಮಾಲೀಕರ ಸಂಘಗಳು ವಾದಿಸಿದವು. ಬೇಕಾದಾಗ ರಜೆ ತೆಗೆದುಕೊಳ್ಳುವ ಸಲೀಸು ಕೆಲಸಗಾರರಿಗೂ ತಪ್ಪುತ್ತದೆ ಎಂದವು. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಅದಕ್ಕೇ ಈ ಕಾನೂನುಗಳು ಒಂದೇ ಅಂಗಡಿ ಇಟ್ಟುಕೊಂಡ ಸಣ್ಣ ಹೋಟೆಲಿನವರನ್ನು ಮುಟ್ಟಲಿಲ್ಲ. ನ್ಯೂಯಾರ್ಕ್‌ನಲ್ಲಿ 30 ಅಂಗಡಿಗಳ ಮಿತಿ, ಒರೆಗಾನ್‌ನಲ್ಲಿ 500 ಕೆಲಸಗಾರರ ಮಿತಿ ಇಟ್ಟರು. ದೊಡ್ಡ ಕಂಪನಿಗಳ ಅಂಗಡಿಗಳಿಗೆ ಮಾತ್ರ ಈ ಹೊಣೆ.

ನಷ್ಟವಾಗುತ್ತದೆ ಎಂಬ ಭಯಕ್ಕೆ ಒಂದು ಪ್ರಯೋಗ ಉತ್ತರ ಕೊಟ್ಟಿದೆ. ಅದು ಊಟದ ಅಂಗಡಿಯದಲ್ಲ, ಗ್ಯಾಪ್ ಎಂಬ ಬಟ್ಟೆ ಕಂಪನಿಯದು. 2015ರ ನವೆಂಬರಿನಿಂದ 2016ರ ಆಗಸ್ಟ್‌ವರೆಗೆ ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕೆಲವು ಅಂಗಡಿಗಳಲ್ಲಿ ಪಾಳಿಯನ್ನು ಸ್ಥಿರ ಮಾಡಿ ನೋಡಿದರು. ಸಂಶೋಧಕರ ಲೆಕ್ಕದಲ್ಲಿ ಆ ಅಂಗಡಿಗಳ ಮಾರಾಟ ಶೇಕಡ 7ರಷ್ಟು ಏರಿತು. ನುರಿತವರು ಇರಬೇಕಾದ ಹೊತ್ತಿಗೆ ಅಂಗಡಿಯಲ್ಲಿದ್ದರೆ ವ್ಯಾಪಾರ ಏರುತ್ತದೆ ಎಂಬುದು ಅದರಿಂದ ಕಂಡ ಪಾಠ. ಸಿಯಾಟಲ್ ಕಾನೂನಿನ ಮೇಲೆ ನಡೆದ ಅಧ್ಯಯನದಲ್ಲಿ ಕೆಲಸಗಾರರ ನಿದ್ದೆ ಸುಧಾರಿಸಿದ್ದು, ಮನೆಯ ಹಣಕಾಸಿನ ತಾಪತ್ರಯ ತಗ್ಗಿದ್ದು ಕಂಡುಬಂತು.

ಇನ್ನೂ ಸಿಗದಿರುವುದು

ಎಲ್ಲ ಗೆದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಪಾಳಿ ಮಸೂದೆ 2014ರಲ್ಲೇ ಅಮೆರಿಕದ ಸಂಸತ್ತಿಗೆ ಬಂತು. ಮತ್ತೆ ಮತ್ತೆ ಮಂಡಿಸಿದರೂ ಪಾಸಾಗಲಿಲ್ಲ. ಅಲ್ಲಿಯ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈಯಲ್ಲಿ 7.25 ಡಾಲರ್ ಆದದ್ದು, ಹದಿನೈದು ವರ್ಷ ಕಳೆದ ಮೇಲೂ ಅಲ್ಲೇ ನಿಂತಿತ್ತು. ಜಾರ್ಜಿಯಾ, ಟೆನೆಸಿ ಥರದ ರಾಜ್ಯಗಳು ತಮ್ಮ ನಗರಗಳು ಇಂಥ ಪಾಳಿ ಕಾನೂನು ಮಾಡದಂತೆ ತಡೆ ಹಾಕಿದವು. 2012ರ ಎರಡನೇ ಬೇಡಿಕೆಯಾದ ಸಂಘ, ಬಹುಪಾಲು ಬರ್ಗರ್ ಅಂಗಡಿಗಳಿಗೆ ಇನ್ನೂ ದೂರದ ಮಾತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಫಾಸ್ಟ್‌ಫುಡ್ ಉದ್ಯಮಕ್ಕೆಂದೇ ಒಂದು ಮಂಡಳಿ ರಚಿಸಿ, ಕೆಲಸಗಾರರ ಪ್ರತಿನಿಧಿಗಳನ್ನೂ ಅದರಲ್ಲಿ ಕೂರಿಸಿದರು. 2024ರ ಏಪ್ರಿಲ್ 1ರಿಂದ ಅಲ್ಲಿಯ ದೊಡ್ಡ ಕಂಪನಿಗಳಲ್ಲಿ ಕೂಲಿ ಗಂಟೆಗೆ 20 ಡಾಲರ್ ಆಯಿತು.

ನಮ್ಮ ಕಡೆಗೆ ಬಂದರೆ

ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲಿಗೂ ಅನ್ವಯಿಸುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ ಎಂದು ಅದು ಹೇಳಿತು. ಮೇ ದಿನದ ಕಾಲದ ಪಾಠ ಅದರಲ್ಲಿದೆ: ಮೇಲಿನ ಗೆರೆ.

ಮೊದಲೇ ತಿಳಿಸಬೇಕು ಎಂಬ ಹೊಸ ಪಾಠ ನಮ್ಮಲ್ಲಿ ಬಂದದ್ದು ಬೈಕಿನ ಮೇಲೆ. ಊಟ, ಸಾಮಾನು ತಲುಪಿಸುವವರು, ಟ್ಯಾಕ್ಸಿ ಓಡಿಸುವವರಿಗೆಂದು ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕರಾರಿನ ಷರತ್ತು ಬದಲಾಯಿಸುವುದಾದರೆ, ಕೆಲಸದಿಂದ ತೆಗೆಯುವುದಾದರೆ ಕಂಪನಿ 14 ದಿನ ಮೊದಲು ತಿಳಿಸಬೇಕು. ಕೆಲಸ ಹಂಚುವುದು, ದುಡ್ಡು ಲೆಕ್ಕ ಹಾಕುವುದು ಯಂತ್ರವಾದರೆ ಆ ಲೆಕ್ಕ ಹೇಗೆ ಎಂದು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಪ್ರತಿ ಸರ್ತಿಯ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಇದು ಗಂಟೆಯ ಖಾತ್ರಿಯಲ್ಲ, ದಿನದ ಸಂಪಾದನೆಯ ಖಾತ್ರಿಯೂ ಅಲ್ಲ. ಆದರೆ ಮೊದಲೇ ಹೇಳು ಎಂಬ ಮಾತು ನಮ್ಮ ಕಾನೂನಿನ ಪುಸ್ತಕಕ್ಕೂ ಬಂದಿದೆ.

ಸುದ್ದಿ ಅಚ್ಚಾದರೆ ದುಡ್ಡು, ಆಗದಿದ್ದರೆ ಇಲ್ಲ ಎಂಬ ಕರಾರಿನಲ್ಲಿ ಬದುಕುವ ನಮ್ಮಂಥ ಜಿಲ್ಲಾ ವರದಿಗಾರರಿಗೂ ಈ ಕಥೆ ಹೊರಗಿನದಲ್ಲ. ಮುಂದಿನ ತಿಂಗಳ ಸಂಪಾದನೆ ಗೊತ್ತಿಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಅಂಗಡಿಯವರು ಉದ್ರಿ ಕೊಡಲು ಯೋಚಿಸುತ್ತಾರೆ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂದು ತೀರ್ಮಾನಿಸಲು ಆಗುವುದಿಲ್ಲ. ಗೊತ್ತಿಲ್ಲದಿರುವುದೇ ಒಂದು ಖರ್ಚು.

ಕೊನೆಗೆ ಒಂದು ಕೆಲಸದ ಮಾತು. ನ್ಯೂಯಾರ್ಕ್‌ನ ಕಾನೂನು ದಾಖಲೆಯ ಮೇಲೆ ನಿಂತಿದೆ. ಪಟ್ಟಿ ಬರೆದು ಕೊಡಬೇಕು, ಆ ಪಟ್ಟಿ, ಬದಲಾವಣೆ ಎಲ್ಲವನ್ನೂ ಕಂಪನಿ ಇಟ್ಟುಕೊಂಡಿರಬೇಕು ಎಂಬ ನಿಯಮ ಅದರಲ್ಲಿದೆ. ನಿಮ್ಮ ಮನೆಯ ಮಗ, ಮಗಳು, ತಮ್ಮ ಹೋಟೆಲಿನಲ್ಲೋ ಡೆಲಿವರಿಯಲ್ಲೋ ಇದ್ದರೆ ಈ ಬರಹ ಅವರಿಗೆ ಕಳಿಸಿ. ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಿಟ್ಟರು, ಯಾವ ದಿನ ಕರೆದು ವಾಪಸ್ ಕಳಿಸಿದರು ಎಂದು ದಿನಾ ಮೊಬೈಲಿನಲ್ಲೋ ಪುಟ್ಟ ಡೈರಿಯಲ್ಲೋ ಬರೆದಿಡಲು ಹೇಳಿ. ಪಟ್ಟಿ, ಮೆಸೇಜು ಬಂದರೆ ಫೋಟೋ ತೆಗೆದಿಡಲಿ. ಮುಂದೊಂದು ದಿನ ಕಾರ್ಮಿಕ ಇಲಾಖೆಯ ಮೇಜಿನ ಮುಂದೆ ನಿಂತಾಗ ಅಧಿಕಾರಿ ಮೊದಲು ಕೇಳುವುದು ಅದನ್ನೇ.